ಚಿತ್ರದಲ್ಲಿಲ್ಲದ ಬಾಲ್ಕನಿ

"ಚಿತ್ರದಲ್ಲಿ ಈ ಬಾಲ್ಕನಿ ಇಲ್ಲ," ಎಂದ ನಗರಸಭೆಯ ಅಧಿಕಾರಿ ಒಲಿವಾರೆಸ್, ಕಂಕುಳಲ್ಲಿ ತಂದಿದ್ದ ಈ ಬೀದಿಯ ಹಳೆಯ ಚಿತ್ರವನ್ನು ಗೋಡೆಗೆ ಒರಗಿಸುತ್ತ. "ಅಂದ್ಮೇಲೆ ಇದು ಆಮೇಲೆ ಅನುಮತಿ ಇಲ್ದೆ ಕಟ್ಟಿದ್ದು. ಸೋಮವಾರ ಕೆಡವ್ತೀವಿ."

"ನಮ್ಮಜ್ಜಿ ಇಲ್ಲೇ ಕೂತು ಹುರುಳಿಕಾಯಿ ಬಿಡಿಸ್ತಿದ್ಲು ಕಣಪ್ಪಾ," ಎಂದಳು ಮೇಲಿನಿಂದ ದೋನ್ಯಾ ಕ್ಲೊರಿಂದಾ.

"ಕಾಗದಪತ್ರ ಇದ್ಯಾ?"

"ಭೂಕಂಪದಲ್ಲಿ ಹೋಯ್ತು."

ಬೀದಿಯ ತಿರುವಿನಲ್ಲಿ ಕುಂಚ ಹಿಡಿದು ಕೂತಿದ್ದ ದೋನ್ ಬಸಿಲಿಯೊ ತಲೆ ಎತ್ತಲಿಲ್ಲ. ನಲವತ್ತು ವರ್ಷ ಅವನು ವಾಲ್ಪರೈಸೊ ಊರಿನ ಈ ಗುಡ್ಡವನ್ನೇ ಬರೆದು ಬದುಕಿದವನು. ಮೆಟ್ಟಿಲು, ಒಣಹಾಕಿದ ಬಟ್ಟೆ, ಬೆಕ್ಕು, ಒಂದನ್ನೂ ಬಿಟ್ಟವನಲ್ಲ. "ಇದ್ದದ್ದನ್ನು ಬಿಡೆ, ಇಲ್ಲದ್ದನ್ನು ಸೇರಿಸೆ" ಎಂದು ಎಂದೋ ಕುಡಿದು ಕೊಚ್ಚಿಕೊಂಡದ್ದನ್ನು ನಗರಸಭೆಯವರು ಹಿತ್ತಾಳೆ ಫಲಕದಲ್ಲಿ ಕೊರೆಸಿ ಕಚೇರಿಯಲ್ಲಿ ತೂಗಿದ್ದ ಅವನ ಈ ಚಿತ್ರದ ಕೆಳಗೆ ಹಾಕಿ, ಅದನ್ನೇ ದಾಖಲೆಯೆಂದು ನಂಬಿದ್ದರು.

ಆದರೆ ಮೂವತ್ತೆರಡು ವರ್ಷದ ಹಿಂದೆ ಅವನು ಇದೇ ಬಾಲ್ಕನಿಯ ಕೆಳಗೆ ನಿಂತು "ಚಿತ್ರ ಹೇಗಿದೆ?" ಎಂದು ಕೇಳಿದ್ದ. ಗಿಡಕ್ಕೆ ನೀರು ಹಾಕುತ್ತಿದ್ದ ಕ್ಲೊರಿಂದಾ "ಕೋಳಿ ಕೆದರಿದ ಹಾಗಿದೆ" ಎಂದಳು. ಉಳಿದ ನೀರು ಚಿತ್ರದ ಮೇಲೇ ಬಿತ್ತು. ಕೈ ಜಾರಿತೆಂದಳು. ಅಂದಿನಿಂದ ಅವನ ಇನ್ನೂರು ಚಿತ್ರಗಳಲ್ಲಿ ಆ ಜಾಗದಲ್ಲಿ ಬರೀ ಗೋಡೆ. ಅದರ ಮೇಲೆ ಬಹಳ ಮುತುವರ್ಜಿಯಿಂದ ಬರೆದ ಬಿಸಿಲು.

ಈಗ ಬಾಯಿ ಬಿಟ್ಟರೆ ತನ್ನ ಹೆಸರು ಹೋಗುತ್ತದೆ, ಬಿಡದಿದ್ದರೆ ಅವಳ ಬಾಲ್ಕನಿ. ಮುದುಕನಿಗೆ ಅದು ನುಂಗಲಾರದ ತುತ್ತಾಯಿತು.

"ಬಾಲ್ಕನಿ ಇತ್ತು," ಎಂದ ಕೊನೆಗೆ. "ನಾನೇ ಬಿಟ್ಟೆ."

"ಯಾಕೆ?"

"ಸಿಟ್ಟಿಗೆ."

ಅಷ್ಟರಲ್ಲಿ ಅಕ್ಕಪಕ್ಕದವರು ಬೀದಿಯಲ್ಲಿ ಸೇರಿದ್ದರು. ಅವರಲ್ಲಿದ್ದ ಬೇಕರಿಯ ನೊಲ್ಬೆರ್ತೊ ಕೇಳಿದ: "ಆ ಬೆಕ್ಕುಗಳಾದ್ರೂ ನಿಜಾನಾ, ದೋನ್ ಬಸಿಲಿಯೊ?"

ಎಲ್ಲರೂ ನಕ್ಕರು. ಮುದುಕನ ಕಿವಿ ಕೆಂಪಾಯಿತು. ಒಲಿವಾರೆಸ್ ನಗಲಿಲ್ಲ. "ಬರ್ದು ಸಹಿ ಹಾಕಿ ಕೊಡಿ. ಸೋಮವಾರದೊಳಗೆ ಚಿತ್ರಾನೂ ತಿದ್ದಿ. ಆ ಫಲಕ ಮಾತ್ರ ತೆಗೀಬೇಕಾಗುತ್ತೆ."

ಮಧ್ಯಾಹ್ನ ಬಸಿಲಿಯೊ ಬಾಲ್ಕನಿಯ ಕೆಳಗೆ ಕೂತು, ಹಳೆಯ ಚಿತ್ರವನ್ನು ಎದುರಿಗಿಟ್ಟುಕೊಂಡು ಆ ಬಿಸಿಲಿನ ಮೇಲೆ ಅದರ ಕಂಬಿ ಎಳೆಯತೊಡಗಿದ. ಮೇಲೆ ಬಾಲ್ಕನಿಯ ಬಾಗಿಲು ತೆರೆದ ಸದ್ದಾಯಿತು. ಕ್ಲೊರಿಂದಾ ಭಾನುವಾರದ ಶಾಲು ಹೊದ್ದು, ತುಟಿಗೆ ಬಣ್ಣ ಹಚ್ಚಿ, ತುಂಬಿದ ನೀರಿನ ಡಬ್ಬಿಯನ್ನು ಗಿಡದ ಮೇಲೆ ಎತ್ತಿ ಹಿಡಿದು ನಿಂತಳು. ಬಗ್ಗಿಸಲಿಲ್ಲ.

"ಎಷ್ಟೊತ್ತು ಹೀಗೇ ಹಿಡ್ಕೊಂಡಿರ್ಬೇಕು?"

"ಬಣ್ಣ ಒಣಗೋವರೆಗೂ."

ಅವಳು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.