ಬೋರಮಾಳದ ಹುಕ್ಕು

ನಮ್ಮ ಮನೆಯ ಬಿಸ್ಕೀಟ್ ಡಬ್ಬಿಗಳಲ್ಲಿ ಬಿಸ್ಕೀಟು ಸಿಕ್ಕಿ ಎಷ್ಟೋ ವರ್ಷಗಳಾದವು. ಒಂದರಲ್ಲಿ ಜೊತೆ ಕಳೆದುಕೊಂಡ ಬೆಂಡೋಲೆಗಳು, ಇನ್ನೊಂದರಲ್ಲಿ ಹರಿದ ಸರಗಳ ಮಣಿಗಳು, ಮತ್ತೊಂದರಲ್ಲಿ ಯಾರದೋ ಅಜ್ಜನ ಕೋಟಿನ ಹಿತ್ತಾಳೆ ಗುಂಡಿಗಳು. ಮಿರಜದ ಯಾವ ಓಣಿಯಲ್ಲಿ ಯಾರು ಟ್ರಂಕು ಖಾಲಿ ಮಾಡಿದರೂ ನನಗೆ ಹೇಗೋ ಸುದ್ದಿ ಬರುತ್ತದೆ. ಹೋಗಿ ತರುತ್ತೇನೆ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇನೆ, ಪೋಣಿಸಿ ಹಳೇ ನಮೂನೆಯ ಹೊಸ ದಾಗೀನ ಮಾಡುತ್ತೇನೆ. ಮಾರುವುದಕ್ಕೆಂದೇ ಮಾಡುವುದು. ಆದರೆ ಅರ್ಧದಷ್ಟು, ಕೊಡಲು ಮನಸ್ಸು ಬಾರದೆ, ತಿರುಗಿ ಡಬ್ಬಿ ಸೇರುತ್ತವೆ.

"ಇಕಿ ಕೈಯಾಗ ಸೈಕಲ್ ಚೈನ್ ಕೊಟ್ಟ ನೋಡ್ರಿ, ಸಂಜಿ ಅನ್ನೂದ್ರಾಗ ಅದು ಯಾರದರ ಕೊರಳಾಗ ಇರ್ತೈತಿ," ಎಂದು ನನ್ನ ಗಂಡ ಅಭಿಜಿತ ಬಂದವರಿಗೆಲ್ಲ ಹೇಳುತ್ತಾರೆ.

ಕೊಟ್ಟ ಮೇಲೂ ನನಗೆ ನೆಮ್ಮದಿಯಿಲ್ಲ. ಗಂಟು ಬಿಚ್ಚಿತೇನೋ, ಹಿತ್ತಾಳೆ ಹತ್ತಿ ಯಾರ ಕೊರಳಿಗಾದರೂ ತುರಿಕೆ ಎದ್ದಿತೇನೋ. ಅದಕ್ಕೇ ಗಂಟು ಎರಡೆರಡು ಹಾಕುತ್ತೇನೆ, ಮೇಲೆ ಅಂಟೂ ಹಚ್ಚುತ್ತೇನೆ. ಹುಕ್ಕನ್ನಂತೂ ಎಳೆದು ಎಳೆದು ನೋಡಿಯೇ ಪುಡಿಕೆ ಕಟ್ಟುವುದು.

ಸಾಂಗ್ಲಿ ಆಚೆಯ ಹಳ್ಳಿ ಸಮಡೋಳಿಯಿಂದ ಪರಿಚಯದ ಮಂಗಲಕಾಕು ತಮ್ಮ ತಾಯಿಯ ಬೋರಮಾಳದ ಮಣಿಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಾಗ ನನಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಬೋರೆಹಣ್ಣಿನಂಥ ಗುಂಡು ಮಣಿಗಳು. ಮೇಲೆ ತೆಳುವಾದ ಬಂಗಾರದ ತಗಡು, ಒಳಗೆ ಅರಗು. ಉಳಿದವರು ನನಗೆ ಕೊಡುವುದು ಮುರಿದದ್ದು, ಬೇಡವಾದದ್ದು. ಇವರು ಕೊಟ್ಟದ್ದು ಬೇಕಾದದ್ದು.

"ಮೊಮ್ಮಗಳ ಸಾಖರಪುಡಾ ಐತಿ, ನಿಶ್ಚಿತಾರ್ಥದಾಗ ನಾ ಹಾಕೋಬೇಕು. ನಡುವ ಒಂದು ಪದಕ ಹಾಕಿ ಹಳೀ ನಮೂನಿ ಮಾಡಿಕೊಡು," ಎಂದರು. "ಸೋನಾರಗ ಕೊಟ್ರ ಕರಗ್ಸೂಣೇನ್ರಿ ಅಂತಾನ. ನೀ ಅಂತೂ ಹಂಗ ಅನ್ನಾಕಿ ಅಲ್ಲ. ನಮ್ಮವ್ವನ ಮಣಿ, ಜ್ವಾಕಿ."

ಪದಕಕ್ಕೆ ನಾನು ಆರಿಸಿದ್ದು ಒಂದು ಬಿಳಿಯ ಬಿಲ್ಲೆ. ಸಿತಾರ ಮಾಡುವವರ ಓಣಿಯ ಚಾಚಾ ನನಗಾಗಿ ಚೂರುಪಾರು ತೆಗೆದಿಡುತ್ತಾರೆ. ಹಿತ್ತಾಳೆ ತಂತಿಯ ತುಂಡು, ಸಿತಾರದ ಕತ್ತಿಗೆ ಕೂರಿಸುವ ಬಿಳಿಯ ಪ್ಲಾಸ್ಟಿಕ್ ಎಲೆ ಹೂವು, ಹೀಗೆ. ಆ ಬಿಲ್ಲೆ ಎಲೆಗಳಿಗಿಂತ ದಪ್ಪವಿತ್ತು, ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿತ್ತು. ಅಂಚನ್ನು ಉಜ್ಜಿ, ಸುತ್ತ ಹಿತ್ತಾಳೆ ತಂತಿ ಸುತ್ತಿದೆ. ನನಗೇ ನಂಬಿಕೆ ಬರಲಿಲ್ಲ, ಅಷ್ಟು ಚೆನ್ನಾಗಿ ಬಂತು. ಒಯ್ಯಲು ಬಂದ ಕಾಕು ಸರವನ್ನು ಕೊರಳಿಗೆ ಹಾಕಿಕೊಂಡೇ ಬಸ್ಸು ಹತ್ತಿದರು.

ಸಾಖರಪುಡೆಯ ದಿನ ಬೆಳಿಗ್ಗೆ, ಅಂಥದೇ ಇನ್ನೊಂದು ಬಿಲ್ಲೆ ಸಿಕ್ಕರೆ ಬೆಂಡೋಲೆ ಮಾಡಬಹುದಲ್ಲ ಎಂದು ಚಾಚಾನ ಅಂಗಡಿಗೆ ಹೋದೆ.

"ಅಂಥಾದ್ದು ಇನ್ನ ಎಲ್ಲಿ ಸಿಗಬೇಕು ಬೇಟಿ?" ಅವರು ಕುಂಬಳಬುರುಡೆಯೊಂದನ್ನು ತಟ್ಟಿ ನೋಡುತ್ತಲೇ ಹೇಳಿದರು. "ಹಳೀ ಸಿತಾರದ ಘೋಡಿ ಮ್ಯಾಲಿಂದ ಬಿಚ್ಚಿದ್ದು ಅದು. ತಂತಿ ಕೂಡ್ತಾವಲ್ಲ, ಅಲ್ಲಿದು."

"ಆ ಥರದ ಪ್ಲಾಸ್ಟಿಕ್ ಈಗ ಬರಂಗಿಲ್ಲೇನ್ರಿ?"

"ಪ್ಲಾಸ್ಟಿಕ್?" ಚಾಚಾ ನಕ್ಕುಬಿಟ್ಟರು. "ಹಡ್ಡಿ ಅದು. ಒಂಟೆ ಎಲುಬು."

ನಾನು ಅಂಗಡಿಯ ಮೆಟ್ಟಿಲ ಮೇಲೆಯೇ ಕೂತೆ. ಮಂಗಲಕಾಕು ಜೈನರು. ದಾರಿಯಲ್ಲಿ ಇರುವೆಯ ಸಾಲು ಕಂಡರೆ ಬಳಸಿ ಹೋಗುವವರು. ನಮ್ಮ ಮನೆಗೆ ಬಂದರೆ ನೀರಿನ ಲೋಟವನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವವರು. ಅವರ ಕೊರಳಿಗೆ ನಾನು ಒಂಟೆಯ ಎಲುಬು ಕಟ್ಟಿ ಕಳಿಸಿದ್ದೆ. ಬೀಗರು ಬರುವ ಮೊದಲು ಮನೆಯವರೆಲ್ಲ ಬಸದಿಗೆ ಹೋಗುತ್ತಾರೆಂದು ಅವರೇ ಹೇಳಿದ್ದರು.

ಫೋನು ಮಾಡಿದೆ. ಎತ್ತಿದ್ದು ಮೊಮ್ಮಗಳು ಪ್ರಣಾಲಿ, ಮದುಮಗಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ.

"ಮಾವಶೀ! ಆಜೀಲಾ ಖೂಪ ಆವಡಲಂ!"

ಅಜ್ಜಿಗೆ ಬಹಳ ಹಿಡಿಸಿದೆಯಂತೆ. ಹಿಂದೆ ಮಿಕ್ಸರಿನ ಸದ್ದು, ಹೆಂಗಸರ ನಗು. ಸಾಖರಪುಡೆಯ ಹುಡುಗಿಗೆ ಫೋನಿನಲ್ಲಿ ಎಲುಬಿನ ಮಾತು ಹೇಗೆ ಹೇಳುವುದು?

"ಪ್ರಣಾಲಿ, ಅಜ್ಜಿಗೆ ಸರಾ ತಗದ ಇಡಾಕ ಹೇಳು. ಅದರದು... ಹುಕ್ಕ ಸಡ್ಲ ಐತಿ. ನಾ ಬರಾಕ ಹತ್ತೇನಿ."

"ಹುಕ್? ಥಾಂಬಾ, ಓಢೂನ ಬಘತೆ."

"ಎಳದ ನೋಡಬ್ಯಾಡ!" ಎಂದೆ. ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಸಾಂಗ್ಲಿಯ ಬಸ್ಸು ಹತ್ತಿದೆ. ಆ ಬಸ್ಸು ಅಷ್ಟು ಸಲ ನಿಲ್ಲುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಸಾಂಗ್ಲಿಯಿಂದ ರಿಕ್ಷಾ. ಕೃಷ್ಣೆ ದಾಟುವಾಗ ರಿಕ್ಷಾದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ದವಾಖಾನಿ ಆ ಕಡೆ ಉಳೀತಲ್ರಿ ಅಕ್ಕಾ?" ಎಂದ. ದವಾಖಾನೆಗಲ್ಲಪ್ಪ, ಸಾಖರಪುಡೆಗೆ ಎಂದೆ. ಅವನು ನಂಬಿದಂತೆ ಕಾಣಲಿಲ್ಲ.

ಮನೆಯ ಮುಂದೆ ಪೆಂಡಾಲು ಎದ್ದಿತ್ತು. ಪಡಸಾಲೆಯ ಗೋಡೆಗೆ ಒಣಗಿಸಿದ ಅರಿಷಿಣದ ಚೀಲಗಳು ಒರಗಿದ್ದವು. ಕಾಕುವಿನ ಯಜಮಾನರು ಜಿನಪ್ಪಕಾಕಾ ಒಂದು ಚೀಲದ ಮೇಲೆ ಕೂತಿದ್ದರು. ಹೊಸ ಟೊಪ್ಪಿಗೆ ಹಾಕಿದ್ದರು, ಮುಖ ಮಾತ್ರ ಸಪ್ಪಗಿತ್ತು.

"ಬಾ ಹರ್ಷದಾ. ನೀ ಹೇಳಿದ್ದ ಖರೆ ಆತು ನೋಡು."

"ಯಾವುದ್ರಿ ಕಾಕಾ?"

"ಹುಕ್ಕ ಸಡ್ಲ ಐತಿ ಅಂದೆಂತ. ಪ್ರಣಾಲಿ ಎಳದ್ಲು, ಗಟ್ಟಿ ಇತ್ತು. ಅವರವ್ವ ಎಳದ್ಲು, ಗಟ್ಟಿ ಇತ್ತು. ಇಷ್ಟು ಗಟ್ಟಿ ಇದ್ದದ್ದು ಸಡ್ಲ ಹೆಂಗ ಆದೀತು ಅಂತ ನಾ ಎಳದೆ."

"ಮತ್ತ?"

"ಕೈಯಾಗ ಬಂತು."

"ಎತ್ತಿನ ಹಗ್ಗ ಎಳದಂಗ ಎಳದ್ರ ಕೈಯಾಗ ಬರದ ಏನಾದೀತು?" ಎನ್ನುತ್ತ ಮಂಗಲಕಾಕು ಹೊರಗೆ ಬಂದರು. ಜಳಕ ಮಾಡಿ, ಹಸಿರು ಸೀರೆ ಉಟ್ಟು ತಯಾರಾಗಿದ್ದರು. ಸರ ಅವರ ಅಂಗೈಯಲ್ಲಿತ್ತು. "ಲಗೂನ ಮಾಡಿಕೊಡವಾ. ಬಸ್ತಿಗೆ ಹೋಗೂದೈತಿ."

ನಾನು ಪಡಸಾಲೆಯಲ್ಲಿ ಕೂತು ಚೀಲ ಬಿಚ್ಚಿದೆ. ಇಕ್ಕಳ ಕೈಗೆ ಬಂದದ್ದೇ ಒಂದು ಉಪಾಯವೂ ಬಂತು. ಸರ ನನ್ನ ಕೈಯಲ್ಲಿದೆ, ಹುಕ್ಕು ನಿಜವಾಗಿಯೂ ಮುರಿದಿದೆ. ಪದಕವೂ ಸೀಳಿತ್ತು ಕಾಕು, ತೆಗೆದೆ ಎಂದರೆ ಮುಗಿಯಿತು. ಎಲುಬು ಚೀಲಕ್ಕೆ, ನಾನು ಮಿರಜಕ್ಕೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವರ ಮನಸ್ಸಿಗೂ ನೋವಿಲ್ಲ. ಯೋಚಿಸಿದಷ್ಟೂ ಅದು ಒಳ್ಳೆಯ ಕೆಲಸವೇ ಎನ್ನಿಸತೊಡಗಿತು.

ಪದಕದ ತಂತಿ ಬಿಚ್ಚಿಯೂ ಆಗಿತ್ತು. ಆಗ ಕಾಕು ಚಹಾ ತಂದು ಪಕ್ಕಕ್ಕಿಟ್ಟರು.

"ಬ್ಯಾರೆಯವರಾಗಿದ್ರ ಸುಮ್ಮ ಕುಂದರ್ತಿದ್ರು ನೋಡು," ಎಂದರು. "ನೀ ತಾನಾಗೇ ಫೋನ್ ಮಾಡಿ, ಅಷ್ಟ ದೂರದಿಂದ ಓಡಿ ಬಂದಿ. ಅದಕ್ಕ ನಮ್ಮವ್ವನ ಮಣಿ ನಿನ್ನ ಕೈಯಾಗ ಕೊಟ್ಟದ್ದು."

"ಕಾಕು, ಅದು ಎಲುಬ್ರಿ," ಎಂದೆ.

"ಯಾವುದು?"

"ಪದಕ. ನಾ ಪ್ಲಾಸ್ಟಿಕ್ ಅಂತ ತಿಳದಿದ್ದೆ. ಇವತ್ತ ಮುಂಜಾನೆ ಗೊತ್ತಾತು. ಒಂಟೆ ಎಲುಬಂತ. ಹುಕ್ಕ ಗಟ್ಟಿನ ಇತ್ತು. ಫೋನಿನ್ಯಾಗ ನಾ ಸುಳ್ಳ ಹೇಳಿದೆ."

ಜಿನಪ್ಪಕಾಕಾ ಚೀಲದ ಮೇಲಿಂದ ಎದ್ದು ನಿಂತರು. ಕಾಕು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಕೊರಳು ಮುಟ್ಟಿಕೊಂಡರು.

"ನಾಕ ದಿನಾ ಕೊರಳಾಗ ಇತ್ತಲ್ಲೇ," ಎಂದರು ಮೆಲ್ಲಗೆ.

ನನ್ನ ಬಾಯಿ ಅಲ್ಲಿಗಾದರೂ ನಿಲ್ಲಬೇಕಿತ್ತು. ಒಂದು ಹೇಳಿ ಇನ್ನೊಂದು ಮುಚ್ಚಿಟ್ಟರೆ ಹೇಳಿದ್ದಕ್ಕೇನು ಅರ್ಥ ಎನ್ನಿಸಿತು.

"ಇನ್ನೊಂದು ಮಾತೈತ್ರಿ. ಬೋರಮಾಳದ ಮಣಿ ಒಳಗ ಅರಗ ಇರ್ತೈತಿ. ಅರಗು ಹುಳದಿಂದ ಬರೂದು."

"ಮುಗೀತೋ, ಇನ್ನೂ ಐತೋ?" ಕಾಕು ಸೊಂಟದ ಮೇಲೆ ಕೈಯಿಟ್ಟರು. "ಇನ್ನಷ್ಟೊತ್ತು ಬಿಟ್ರ ನನ್ನ ಮೈಮ್ಯಾಲಿನ ಸೀರೀನೂ ಬಿಡಸ್ತಿ ನೀ."

"ರೇಷ್ಮೀದೇನ್ರಿ ಅದು?"

"ಸೂರತ್ತಿನ ಪಾಲಿಸ್ಟರ್! ಖುಷಿ ಆತೇನ?"

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಪ್ರಣಾಲಿ ಕಿಸಕ್ಕನೆ ನಕ್ಕಳು. ಕಾಕು ನಗಲಿಲ್ಲ. ಮತ್ತೊಮ್ಮೆ ಜಳಕ ಮಾಡಬೇಕಲ್ಲ ಎಂದು ಗೊಣಗುತ್ತ ಒಳಗೆ ಹೋದರು. ಬಚ್ಚಲಿನಿಂದ ತಂಬಿಗೆಯ ಸದ್ದು ಬಹಳ ಹೊತ್ತು ಕೇಳಿಸಿತು. ನಾನು ಎಲುಬನ್ನು ಕಾಗದದಲ್ಲಿ ಸುತ್ತಿಟ್ಟೆ, ಹೊಸ ಹುಕ್ಕು ಹಾಕಿದೆ. ಇನ್ನು ಈ ಮನೆಯಿಂದ ನನಗೆ ಒಂದು ಸೂಜಿಯೂ ಸಿಗಲಾರದು ಎಂದುಕೊಂಡೆ. ಚಹಾ ಆರಿ ಕೆನೆಗಟ್ಟಿತ್ತು.

ಕಾಕು ಒದ್ದೆ ಕೂದಲಲ್ಲಿ ಹೊರಗೆ ಬಂದವರೇ ಸರ ಎತ್ತಿ ನೋಡಿದರು. ನಡುವೆ ಬೋಳಾಗಿತ್ತು.

"ಹಿಂಗ ಹಾಕೊಂಡ್ರ ಬೀಗರು ಸರದ ಹಲ್ಲ ಉದುರ್ಯಾವಂತ ತಿಳೀತಾರ." ಸುತ್ತ ನೋಡಿ, ಅರಿಷಿಣದ ಚೀಲಕ್ಕೆ ಕೈಹಾಕಿ, ಒಂದು ಗುಂಡನೆಯ ಕೊಂಬು ಆರಿಸಿ ನನ್ನ ಮುಂದಿಟ್ಟರು. "ಇದಕ್ಕ ತೂತ ಹೊಡಿಯಾಕ ಬರ್ತೈತೇನ?"

"ಗಡ್ಡಿ ಅಲ್ಲೇನ ಅದು?" ಎಂದರು ಜಿನಪ್ಪಕಾಕಾ. ನೆಲದೊಳಗಿನ ಗಡ್ಡೆ ಅವರ ಮನೆಯಲ್ಲಿ ಯಾರೂ ತಿನ್ನುವುದಿಲ್ಲ.

"ಒಣಗಿದ್ದು ನಡೀತೈತಿ. ಮತ್ತ ನಾ ಏನ ತಿನ್ನಾಕ ಹತ್ತೇನೇನ? ಕಟಗೊಳ್ಳಾಕ ಹತ್ತೇನಿ. ನೀವು ಆ ಸರದಿಂದ ದೂರ ನಿಂದರ್ರಿ."

ಒಣ ಅರಿಷಿಣ ಕಲ್ಲಿನಂತಿತ್ತು. ಕೈಬೈರಿಗೆ ತಿರುಗಿಸಿದಂತೆ ಹಳದಿ ಪುಡಿ ನನ್ನ ಉಡಿಯ ತುಂಬ ಉದುರಿತು. ಹಿತ್ತಾಳೆ ತಂತಿ ಸುತ್ತಿ ನಡುವೆ ಕೂರಿಸಿದಾಗ, ನಿಜ ಹೇಳಬೇಕೆಂದರೆ, ಎಲುಬಿಗಿಂತ ಒಂದು ಕೈ ಮೇಲೆಯೇ ಇತ್ತು. ನನಗೆ ಹಾಗೆ ಕಂಡಿತು. ನನ್ನ ಕಣ್ಣನ್ನು ಅಂದು ನಾನು ಹೆಚ್ಚು ನಂಬುತ್ತಿರಲಿಲ್ಲ.

ಕಾಕು ಹಾಕಿಕೊಂಡು ಕನ್ನಡಿ ನೋಡಿದರು. ಕುಪ್ಪಸದ ಅಂಚಿಗೆ ಆಗಲೇ ಹಳದಿ ಹತ್ತಿತ್ತು.

"ಅರಿಷಿಣ ಹತ್ತಿತ್ರಿ," ಎಂದೆ.

"ಹತ್ಲಿ. ಶುಭ. ನೀನೂ ನಡಿ."

ಬಸದಿಯ ಮೆಟ್ಟಿಲ ಬಳಿ ಎಲ್ಲರೂ ಚಪ್ಪಲಿ ಬಿಟ್ಟರು. ಕಾಕು ಸೆರಗು ಸರಿಸಿ, ಹಿಂದೆ ಕೈಹಾಕಿ, ಸರ ಬಿಚ್ಚತೊಡಗಿದರು.

"ಯಾಕ್ರಿ ಕಾಕು?"

"ಮಣಿಯಾಗ ಅರಗೈತಿ ಅಂತ ನೀ ಹೇಳಿ ನನಗ ಗೊತ್ತಾಗಬೇಕೇನ? ನಮ್ಮವ್ವನೂ ಬಸ್ತಿಗೆ ಬರುಮುಂದ ತಗದಿಟ್ಟ ಬರತಿದ್ಲು."

"ಹಂಗಾದ್ರ ಎಲುಬೂ ಒಳಗ ಬರ್ತಿದ್ದಿಲ್ಲ. ನಾ ಸುಮ್ಮನ ಓಡಿ ಬಂದಂಗಾತು."

"ಕೊರಳಾಗ ಎಲುಬ ಕಟಗೊಂಡು ಬೀಗರ ಜೋಡಿ ಊಟಕ್ಕ ಕುಂದರ್ತಿದ್ನಲ್ಲ, ಹುಚ್ಚಿ." ಸುತ್ತ ಅವರ ಸೊಸೆಯಿದ್ದಳು, ಮೊಮ್ಮಗಳಿದ್ದಳು, ಗಂಡ ಕೈ ಚಾಚಿಯೇ ನಿಂತಿದ್ದರು. ಕಾಕು ನನ್ನ ಅಂಗೈ ಬಿಡಿಸಿ ಸರವನ್ನು ಅದರಲ್ಲಿಟ್ಟು ಬೆರಳು ಮಡಿಚಿದರು. "ನಾ ಬರೂತನಾ ನೀನ ಹಿಡಕೊಂಡ ಕುಂದ್ರು. ಕಾಕಾನ ಕೈಯಾಗ ಕೊಡಬ್ಯಾಡ."

ಅವರೆಲ್ಲ ಒಳಗೆ ಹೋದರು. ನಾನು ಮೆಟ್ಟಿಲ ಮೇಲೆ ಕೂತೆ. ಮುಷ್ಟಿಯಲ್ಲಿ ಮಣಿಗಳು ಬೆಚ್ಚಗಾದವು, ಬೆರಳೆಲ್ಲ ಹಳದಿ. ಹೊಸ ಹುಕ್ಕು ಕಿರುಬೆರಳಿಗೆ ತಾಗುತ್ತಿತ್ತು. ಒಂದೇ ಒಂದು ಸಲ ಎಳೆದು ನೋಡೋಣವೇ ಎಂದು ಎರಡು ಮೂರು ಬಾರಿ ಮನಸ್ಸಾಯಿತು.

ಎಳೆಯಲಿಲ್ಲ.