ಕಾಶಿ ಬಸ್ಸಿನ ನೀರು

ಕಾಗವಾಡದ ಮುರಗೆಪ್ಪ ತನ್ನ ತಾಯಿ ಕಾಳವ್ವನನ್ನು ಕಾಶಿಗೆ ಕರೆದೊಯ್ಯಲೆಂದು ಹಳೇ ಬಸ್ಸೊಂದನ್ನು ಕೊಂಡು, ಅದನ್ನೇ ಮನೆ ಮಾಡಿಸಿದ್ದ. ಒಳಗೆ ಮಲಗಲು ಹಲಗೆ, ಅಡಿಗೆಗೆ ಕಟ್ಟೆ, ಮೂಲೆಯಲ್ಲಿ ಬಚ್ಚಲು. ತೊಂಬತ್ತನಾಲ್ಕರ ಆ ಬೇಸಿಗೆಯಲ್ಲಿ ಅರ್ಧ ಊರೇ ಅದನ್ನು ಹತ್ತಿ, ನಳ ತಿರುವಿ, ನೀರು ಬಂತೆಂದು ಹೋ ಎಂದು ನಕ್ಕು ಇಳಿದಿತ್ತು. ಮುರಗೆಪ್ಪನಂತೂ ನೆಲದ ಮೇಲೆ ಕಾಲಿಡುವುದನ್ನೇ ಮರೆತಿದ್ದ.

ಆ ನಳಗಳ ಹಿಂದಿನ ಕೆಲಸವೆಲ್ಲ ಕರೋಶಿಯ ಜಕ್ಕಪ್ಪನದು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ಪೈಪಿನ ಕೆಲಸ ಕಲಿತವನು. ಹಿಂದಿನ ಸೀಟಿನ ಕೆಳಗೆ ತಗಡಿನ ಟಾಕಿ, ಅದರ ಮುಂದೆ ಕಸ ಹಿಡಿಯುವ ಜಾಳಿಗೆ, ಬ್ಯಾಟರಿಯಿಂದ ಓಡುವ ಸಣ್ಣ ಮೋಟಾರು, ಅಲ್ಲಿಂದ ಎರಡು ನಳ. ಕಾಶಿಗೆ ಹೊರಟ ಹದಿನಾಲ್ಕು ಜನ ಕುಡಿಯುವ ನೀರಿನಲ್ಲಿ ಹುಡುಗಾಟ ನಡೆಯದೆಂದು, ಹೊರಡುವ ಮುನ್ನಾದಿನ ಅವನು ಟಾಕಿಗೆ ಬ್ಲೀಚಿಂಗ್ ಪುಡಿ ಹಾಕಿ, ನಳಗಳಲ್ಲಿ ಅದರ ವಾಸನೆ ಬರುವ ತನಕ ನೀರು ಹರಿಸಿ, ಸಂಜೆ ನೀರು ಬಸಿಯಲು ತಳದಲ್ಲಿಟ್ಟಿದ್ದ ತಿರುಪಿನ ಕಾಕು ಬಿಚ್ಚಿ ಎಲ್ಲವನ್ನೂ ಹೊರಗೆ ಬಿಟ್ಟು, ಎರಡು ಸಲ ತೊಳೆದಿದ್ದ. ಬೆಳಿಗ್ಗೆ ಮನೆಯ ಬಾವಿಯ ನೀರನ್ನು ಹೊಸ ಪೈಪಿನಿಂದಲೇ ತುಂಬಬೇಕೆಂದು ಮುರಗೆಪ್ಪನ ತಮ್ಮ ವಿರುಪಾಕ್ಷಪ್ಪನಿಗೆ ಒಂದಲ್ಲ, ಮೂರು ಸಲ ಹೇಳಿದ್ದ. ಅವನು ಮೂರು ಸಲವೂ ಹೂಂಗುಟ್ಟಿದ್ದ.

ಮರುದಿನ ಬಸ್ಸಿನ ಬಾಗಿಲಿಗೆ ಕಬ್ಬಿನ ಜಲ್ಲೆ ಕಟ್ಟಿದ್ದರು. ಹೆಂಗಸರು ಆರತಿ ಹಿಡಿದು ನಿಂತಿದ್ದರು. ಜಕ್ಕಪ್ಪ ಕೊನೆಯದಾಗಿ ಜಾಳಿಗೆ ನೋಡಿಬಿಡೋಣವೆಂದು ಸೀಟಿನ ಕೆಳಗೆ ತೂರಿ, ಅದರ ಬಟ್ಟಲು ಬಿಚ್ಚಿದ. ತಳದಲ್ಲಿ ನೀಲಿ ಗಸಿ ಕೂತಿತ್ತು. ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು ಬಂತು. ಕಾಗವಾಡದಲ್ಲಿ ಆ ವಾಸನೆ ತಿಳಿಯದವರಿಲ್ಲ. ಅದು ದ್ರಾಕ್ಷಿ ಬಳ್ಳಿಗೆ ಹೊಡೆಯುವ ಔಷಧಿ.

ಸೀಟಿನ ಕೆಳಗಿನಿಂದ ಎದ್ದು ಕಿಟಕಿಯ ಹೊರಗೆ ನೋಡಿದ. ಬಾವಿಯ ಪಕ್ಕದಲ್ಲಿ ತೋಟದ ಔಷಧಿ ಪಂಪು ನಿಂತಿತ್ತು, ಅದರ ಪೈಪು ಇನ್ನೂ ಒದ್ದೆಯಾಗಿತ್ತು. ಬೆಳಗಿನಿಂದ ಕರೆಂಟಿಲ್ಲ, ಬಾವಿಯ ಮೋಟಾರು ಓಡಿಲ್ಲ. ಕೊಡದಲ್ಲಿ ಹೊತ್ತು ತುಂಬುವ ಬದಲು ಪುಣ್ಯಾತ್ಮ ವಿರುಪಾಕ್ಷಪ್ಪ ಆ ಡೀಸೆಲ್ ಪಂಪು ತಂದು, ನಿನ್ನೆ ಕಲಸಿದ ಔಷಧಿ ತುಂಬಿಕೊಂಡಿದ್ದ ಪೈಪನ್ನೇ ಟಾಕಿಯೊಳಗೆ ಬಿಟ್ಟಿದ್ದ.

ಜಕ್ಕಪ್ಪ ಇತ್ತ ತಿರುಗಿದರೆ ಕಾಳವ್ವ ನಳದಿಂದ ಆಗಲೇ ತುಂಬಿಟ್ಟುಕೊಂಡಿದ್ದ ತಂಬಿಗೆಯನ್ನು ಬಾಯಿಗೆ ಎತ್ತುತ್ತಿದ್ದಳು.

"ಕುಡೀಬ್ಯಾಡ ಯವ್ವಾ!" ಎಂದು ಅಲ್ಲಿಂದಲೇ ಹಾರಿ ಅವಳ ಕೈಗೆ ಹೊಡೆದ. ತಂಬಿಗೆ ಕಿಟಕಿಗೆ ಬಡಿಯಿತು. ಮುದುಕಿ ಹಲಗೆಯ ಮೇಲೆ ಬಿದ್ದು ಚೀರಿದಳು.

"ನೀರಾಗ ವಿಷ ಐತಿ! ಯಾರೂ ಮುಟ್ಟಬ್ಯಾಡ್ರಿ!"

ಅದನ್ನು ಕೇಳುವ ತಾಳ್ಮೆ ಯಾರಿಗಿತ್ತು? ಮುರಗೆಪ್ಪ ಅವನ ಕೂದಲು ಹಿಡಿದು ಮೆಟ್ಟಿಲ ಮೇಲಿಂದ ಅಂಗಳಕ್ಕೆ ಎಳೆದು ಒಗೆದ. "ನಮ್ಮವ್ವನ ಮ್ಯಾಲ ಕೈ ಮಾಡ್ತೀಯೇನ್ಲೇ? ಕಾಶಿಗಿ ಹೊಂಟಾಗ ವಿಷ ಅಂತೀಯೇನ್ಲೇ?" ಎಂದು ಪಕ್ಕೆಗೆ ಒದ್ದ. ವಿರುಪಾಕ್ಷಪ್ಪ ಬಾಗಿಲ ಕಬ್ಬು ಕಿತ್ತು ಮುಖ ಮೋರೆ ನೋಡದೆ ಬಾರಿಸಿದ. ಅವನೇ ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದ. "ಸುಳ್ಳ ಹೇಳ್ತಾನ, ಕೊಲ್ರಿ ಇವನ್ನ!" ಎಂದು ಕಿರುಚುತ್ತಿದ್ದ. ಜಕ್ಕಪ್ಪನ ತುಟಿ ಸೀಳಿತು, ಬಲಗೈಯ ಎರಡು ಬೆರಳು ಲಟಕ್ಕೆಂದವು.

ತಪ್ಪು ಮಾಡಿದವನ ಕೈಯಲ್ಲೇ ಹೊಡೆಸಿಕೊಳ್ಳುವುದೆಂದರೆ ಎಂಥ ಮನುಷ್ಯನಿಗೂ ಹುಚ್ಚು ಹಿಡಿಯುತ್ತದೆ. ಜಕ್ಕಪ್ಪ ಎಡಗೈಯಿಂದ ಸೊಂಟಕ್ಕೆ ಸಿಕ್ಕಿಸಿದ್ದ, ಪೈಪು ಬಿಗಿಯುವ ಕಬ್ಬಿಣದ ಪಾನಾ ಎಳೆದು ವಿರುಪಾಕ್ಷಪ್ಪನ ಮೊಣಕಾಲಿಗೆ ಬೀಸಿದ. ಅವನು ಕುಸಿದ. ಜಕ್ಕಪ್ಪ ಅವನ ಕೊರಳಪಟ್ಟಿ ಹಿಡಿದು ಬಸ್ಸಿನ ಹಿಂಭಾಗಕ್ಕೆ ದರದರ ಎಳೆದು, ಟಾಕಿಯ ತಳದ ಕಾಕಿನ ಕೆಳಗೆ ಕೆಡವಿ, ಎದೆಯ ಮೇಲೆ ಕೂತು ಕಾಕು ತಿರುವಿದ. ನೀರು ನೇರ ಅವನ ಮುಖದ ಮೇಲೆ ಸುರಿಯಿತು.

"ಚೊಲೋ ನೀರ ಹೌದಲ್ಲೋ? ಕುಡಿ!"

ಮುರಗೆಪ್ಪ ಹಾರೆ ಹಿಡಿದು ಬಂದ. ಜಕ್ಕಪ್ಪನ ತಲೆಯ ಮೇಲೆ ಅದನ್ನು ಎತ್ತಿಯೂ ಬಿಟ್ಟಿದ್ದ. ಅಷ್ಟರಲ್ಲಿ ಕಾಳವ್ವ ಇಳಿದು ಬಂದು ಕೂಗಿದಳು: "ತಡೀ ಮುರಗ್ಯಾ! ಅವನ ಬಾಯಿ ನೋಡು."

ಎಲ್ಲರೂ ನೋಡಿದರು. ವಿರುಪಾಕ್ಷಪ್ಪ ಹಲ್ಲು ಕಚ್ಚಿ ತುಟಿ ಬಿಗಿದಿದ್ದ. ತಲೆಯನ್ನು ಆಚೆ ಈಚೆ ಹೊರಳಿಸುತ್ತಿದ್ದ. ಉಸಿರು ಕಟ್ಟಿ ಮುಖ ಕೆಂಪಾದರೂ ಬಾಯಿ ಮಾತ್ರ ತೆರೆಯಲಿಲ್ಲ.

"ಮನಿ ಬಾವಿ ನೀರ ಐತಿ ಮಗನ. ಒಂದ ಗುಟುಕ ಕುಡಿ," ಎಂದಳು ಕಾಳವ್ವ.

ಅವನು ಕುಡಿಯಲಿಲ್ಲ. ಮುರಗೆಪ್ಪನ ಕೈಯಿಂದ ಹಾರೆ ಜಾರಿತು. ಜಕ್ಕಪ್ಪ ಎದ್ದು ಬಾಯಲ್ಲಿ ತುಂಬಿದ್ದ ರಕ್ತ ಉಗುಳಿದ.

ವಿರುಪಾಕ್ಷಪ್ಪ ಬಿದ್ದಲ್ಲೇ ಮುಖ ಒರೆಸಿಕೊಳ್ಳುತ್ತ ತೊದಲಿದ. "ಸ್ವಲ್ಪನ ಬಿದ್ದಿತ್ತ ಅಣ್ಣಾ... ಅಷ್ಟ ನೀರಾಗ ಏನ ಆಗೂದಿಲ್ಲ ಅಂತ ತಿಳದ್ನಿ. ನೀ ಬೈತಿ ಅಂತ ಹೇಳ್ಲಿಲ್ಲ."

ಆಗ ಅವನ ಹೆಂಡತಿ ಗಿರಿಜವ್ವ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಮುಂದೆ ಬಂದಳು. ಅವಳ ಕೈಯಲ್ಲಿ ಕೂಸಿನ ಬಾಟಲಿ ತುಂಬಿತ್ತು, ಮುಚ್ಚಳ ಇನ್ನೂ ತೆಗೆದಿರಲಿಲ್ಲ.

"ಇದನ್ನ ನಾ ಆ ನಳದಾಗ ತುಂಬೂಮುಂದ ನೀವ ನನ್ನ ಬಾಜೂಕ ನಿಂತಿದ್ರಿ," ಎಂದಳು. "ನೋಡಿಕೋತ ನಿಂತಿದ್ರಿ."

ಮುರಗೆಪ್ಪ ಕಾಲಲ್ಲಿದ್ದ ಚಪ್ಪಲಿ ತೆಗೆದು ತಮ್ಮನ ಮುಖಕ್ಕೆ ಬಾರಿಸಿದ. ಆಮೇಲೆ ಚಪ್ಪಲಿ ಬಿಸಾಕಿ ಮುಷ್ಟಿಯಿಂದ ಗುದ್ದತೊಡಗಿದ. ವಿರುಪಾಕ್ಷಪ್ಪ ಹೆಂಡತಿಯ ಸೀರೆಯ ಅಂಚು ಹಿಡಿದು, "ಬಿಡಸ ಗಿರಿಜಾ, ಸಾಯ್ತೇನಿ," ಎಂದು ಗೋಳಿಟ್ಟ.

ಗಿರಿಜವ್ವ ಅವನ ಕೈಯಿಂದ ಅಂಚು ಬಿಡಿಸಿಕೊಂಡಳು. "ಕೈ ನಿಲ್ಲಸಬ್ಯಾಡ್ರಿ ಭಾವಾರ," ಎಂದು ಹೇಳಿ, ಕೂಸಿನ ಮುಖವನ್ನು ಹೆಗಲಿಗೆ ಒತ್ತಿಕೊಂಡು ಮನೆಯೊಳಗೆ ಹೋದಳು. ಬಿಡಿಸಲು ಯಾರೂ ಮುಂದೆ ಬರಲಿಲ್ಲ. ಜಕ್ಕಪ್ಪನೂ ಹೋಗಲಿಲ್ಲ.