ಮುಚ್ಚಳ ತೆರೆಯದ ಪರೀಕ್ಷೆ

2013ರ ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಮುಂಚೆ ಬೋಟುಗಳು ಮೀನು ತರುವ ಕೊನೆಯ ದಿನ ಅದು. ಗಂಗೊಳ್ಳಿ ಬಂದರಿನಲ್ಲಿ ಮೀನಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಪೂಜಿತಾ, ಕೈಯಲ್ಲಿದ್ದ ಯಂತ್ರವನ್ನು ಸಮುದ್ರಕ್ಕೆ ಎಸೆದರೆ ಯಾವ ದೇವರೂ ಬೇಸರಿಸಲಾರ ಎಂದುಕೊಂಡಳು.

ನಾಲ್ಕು ವರ್ಷ ಪ್ರಯೋಗಾಲಯದಲ್ಲಿ ಅರೆದು, ಸುಟ್ಟು ಮಾಡಿದ ಪುಡಿ ಅವಳದು. ಯಂತ್ರದ ಕೆಂಪು ಬೆಳಕು ಬಿದ್ದರೆ ಅದು ಕಣ್ಣಿಗೆ ಕಾಣದ ಬೆಳಕನ್ನು ಮರಳಿ ಸೂಸುತ್ತಿತ್ತು. ತಂಪಿದ್ದರೆ ಜೋರಾಗಿ, ಬಿಸಿಯೇರಿದರೆ ಮಂಕಾಗಿ. ಪುಡಿ ಬಳಿದ ಚೀಟಿಯನ್ನು ಮೀನಿನ ಮೇಲಿಟ್ಟು ಮುಚ್ಚಿದರೆ, ತೆಳು ಮುಚ್ಚಳದ ಹೊರಗಿನಿಂದಲೇ ಯಂತ್ರ ಒಳಗಿನ ತಂಪು ಹೇಳಬೇಕು. ಕಿವಿರೆತ್ತಿ, ಬೆರಳೊತ್ತಿ, ಸತ್ತ ಮೀನನ್ನು ಇನ್ನೊಮ್ಮೆ ಕೊಲ್ಲುವುದು ತಪ್ಪುತ್ತದೆ. ಮೂವತ್ತು ಪೆಟ್ಟಿಗೆಗಳಲ್ಲಿ ಸರಿಯಾಗಿ ಓದಿ ತೋರಿಸದಿದ್ದರೆ ಪಿಎಚ್‌ಡಿ ಪ್ರಬಂಧಕ್ಕೆ ಮತ್ತೊಂದು ವರ್ಷ ಎಂದು ಗೈಡ್ ಹೇಳಿಬಿಟ್ಟಿದ್ದರು.

ಮೂರು ದಿನದಿಂದ ಯಂತ್ರದ್ದು ಒಂದೇ ಮಾತು: ತಂಪು. ಐಸು ಕರಗಿ ನಾರುತ್ತಿದ್ದ ಬಂಗುಡೆಗೂ ತಂಪು. ಬ್ಯಾಟರಿ ಬದಲಿಸಿದಳು. ಬಿಸಿಲಿನ ದೋಷವಿರಬೇಕೆಂದು ಕರಿಬಟ್ಟೆ ಹೊದ್ದು ನೋಡಿದಳು. ಬೋಟಿನ ನಾಗಣ್ಣ, "ಫೋಟೋ ತೆಗುದಾರೆ ಬಂಗುಡಿಗೆ ಚೂರ್ ನೆಗಾಡುಕ್ ಹೇಳ್ ಮಗಾ," ಎಂದು ಹೋದ.

ಕೊನೆಗೆ ತನ್ನ ನಿಯಮ ತಾನೇ ಮುರಿದು ಮುಚ್ಚಳ ತೆಗೆದಳು. ಚೀಟಿ ಕಾಣಲಿಲ್ಲ. ಅದರ ಮೇಲೆ ಹಚ್ಚಹಸಿರು ಬಾಳೆಲೆ. ಪಕ್ಕದ ಪೆಟ್ಟಿಗೆಯಲ್ಲೂ ಎಲೆ. ಅದರಾಚೆಯದರಲ್ಲೂ.

ಪೆಟ್ಟಿಗೆ ತುಂಬಿ, ಚೀಟಿಯಿಟ್ಟು ಮುಚ್ಚಿದವಳು ತಾಯಿ ಜಲಜ. ಕೇಳಿದರೆ ಹೆಮ್ಮೆಯಿಂದಲೇ ಹೇಳಿದಳು: "ಐಸ್‌ ನೀರಿಗೆ ನಿನ್ ಚೀಟಿ ನೆಂದ್ ಚಂಡಿ ಆತ್ತಲೆ. ಅದ್ಕೇ ಎಲೆ ಮುಚ್ದೆ."

ಎಲೆಯ ಹಸಿರೂ ಕೆಂಪು ಬೆಳಕಿಗೆ ಹಾಗೆಯೇ, ಕಣ್ಣಿಗೆ ಕಾಣದಂತೆ ಜೋರಾಗಿ ಹೊಳೆಯುತ್ತದೆ. ಮೂರು ದಿನ ಅವಳು ಅಳೆದದ್ದು ಬಾಳೆಲೆಯನ್ನು.

"ಒಂದ್ ಮಾತ್ ಹೇಳುಕಾಗ್ತಿರ್ಲಿಲ್ಯಾ ಅಮ್ಮ?"

"ನೀ ಕೇಂಡಿದ್ಯಾ? ಮುಚ್ಚಳ ತೆಗಿಬೇಡಿ ಅಂದವ್ಳೂ ನೀನೇ."

ಅಷ್ಟರಲ್ಲಿ ಆಳುಗಳು ಪೆಟ್ಟಿಗೆಗಳನ್ನು ಲಾರಿಗೆ ಏರಿಸತೊಡಗಿದ್ದರು. ಪೂಜಿತಾ ಒಂದನ್ನು ಅಪ್ಪಿ ಹಿಡಿದು ಉಳಿಸಿಕೊಂಡಳು. ಎಲೆ ಕಿತ್ತು, ಮುಚ್ಚಿ, ಯಂತ್ರವಿಟ್ಟಳು. ಅಂಕಿ ಬೇರೆಯೇ ಬಂತು. ಮುಚ್ಚಳ ಸರಿಸಿ ಥರ್ಮಾಮೀಟರ್ ಇಳಿಸಿದಳು. ಅದೂ ಅದನ್ನೇ ಹೇಳಿತು. ನಾಲ್ಕು ವರ್ಷದ ಪುಡಿ ಸುಳ್ಳಾಗಿರಲಿಲ್ಲ. ಅಳತೆ ಬರೆಯುವ ಪುಸ್ತಕದ ಮೊದಲ ಸಾಲು ತುಂಬಿಸಿ ತಲೆಯೆತ್ತಿದಾಗ ಲಾರಿ ಹೊರಟಾಗಿತ್ತು.

ಜಲಜ ಇಣುಕಿ ನೋಡಿ, ಇನ್ನೆಷ್ಟು ಬೇಕೆಂದು ಕೇಳಿದಳು. ಇಪ್ಪತ್ತೊಂಬತ್ತು.

"ಮಳೆಗಾಲ ಕಳಿಲಿ. ಸಮುದ್ರ ಎಲ್ಲಿಗ್ ಹೋತ್ತ್ ಮಗಾ?"

ಸಮುದ್ರ ಹೋಗುವುದಿಲ್ಲ, ವರ್ಷ ಹೋಗುತ್ತದೆ ಎನ್ನಲು ಬಾಯಿ ತೆರೆದ ಪೂಜಿತಾ, ಐಸಿಗೆ ಮರಗಟ್ಟಿದ ಅಮ್ಮನ ಬೆರಳುಗಳನ್ನು ಕಂಡು, ಅವನ್ನು ಕರಿಬಟ್ಟೆಯಲ್ಲಿ ಸುತ್ತಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ.